ಬೂಷ್ಟು ಹಿಡಿದ ಕ್ಯಾಸೆಟ್‌ಗಳು: ಯಾವುದನ್ನು ಮೊದಲು ಉಳಿಸಬೇಕು?

ಓದುಗರ ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಕಡೆಯ ತೋಟದ ಮನೆ. ಅಪ್ಪಯ್ಯನಿಗೆ ಎಂಬತ್ತು ದಾಟಿದೆ. ಎಂಬತ್ತರ ದಶಕದ ಕೊನೆಯಲ್ಲಿ ವಿಸಿಆರ್ ತಂದವರು, ಡಿಶ್ ಬರುವವರೆಗೂ ಟೀವಿಯಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ರೆಕಾರ್ಡ್ ಮಾಡಿಟ್ಟರು. ‘ಮಾಲ್ಗುಡಿ ಡೇಸ್’, ‘ಗಣೇಶನ ಮದುವೆ’ಯಂಥ ಸಿನಿಮಾ, ಹಾಸ್ಯ ನಾಟಕ, ಭಾವಗೀತೆ ಕಾರ್ಯಕ್ರಮ, ಎಲ್ಲ ಇದೆ. ಅದಲ್ಲದೆ ಒಂದು ಟ್ರಂಕಿನ ತುಂಬ ಆಡಿಯೋ ಕ್ಯಾಸೆಟ್. ಕೊಂಡು ತಂದವು ಕೆಲವು; ಚಿಕ್ಕಮಗಳೂರಿನಲ್ಲಿ ಮಾಸ್ಟರ್ ಹಿರಣ್ಣಯ್ಯನವರ ನಾಟಕ ಆದಾಗ, ಕೊಪ್ಪದ ಕಡೆ ತಾಳಮದ್ದಳೆ ಆದಾಗ ಅಪ್ಪಯ್ಯನೇ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿದವು ಕೆಲವು. ಪ್ರತಿ ಕ್ಯಾಸೆಟ್ ಮೇಲೂ ಅವರದೊಂದು ಷರಾ: ‘ಫಸ್ಟ್ ಕ್ಲಾಸ್’, ‘ಇಂಟರ್‌ವಲ್ ಆದ ಮೇಲೆ ಬೋರು’, ‘ಹಾಡು ಬಿಟ್ಟು ಮಿಕ್ಕಿದ್ದು ದಂಡ’, ‘ಅಳಿಸಬಹುದು’. ಈಗ ಅಟ್ಟದಿಂದ ಇಳಿಸಿ ನೋಡಿದರೆ ಅರ್ಧಕ್ಕರ್ಧ ಬಿಳಿ ಬೂಷ್ಟು. ಅಣ್ಣ ‘ಎಲ್ಲ ಯೂಟ್ಯೂಬಲ್ಲಿದೆ, ಗುಜರಿಗೆ ಹಾಕು’ ಅಂತಾನೆ. ಚಿಕ್ಕಮ್ಮ ಕಾಫಿ ಕಣದಲ್ಲಿ ಬಿಸಿಲಿಗೆ ಹರಡು ಅಂತಾರೆ. ಪೇಟೆಯ ಸ್ಟುಡಿಯೋದವರು ಡಿವಿಡಿ ಮಾಡಿಕೊಡ್ತೀವಿ ಅಂದರು. ಅಣ್ಣನ ಮಗ ಎಐ ಹಾಕಿದರೆ ಫೋರ್‌ಕೆ ಆಗುತ್ತೆ ಅಂತಾನೆ. ಮನೆಯ ಹಳೇ ವಿಸಿಆರ್ ಇನ್ನೂ ಇದೆ. ಹೋದ ವಾರ ಚೆನ್ನಾಗಿ ಕಂಡ ಒಂದು ಟೇಪು ಹಾಕಿದೆ. ಚಿತ್ರ ಬಂತು, ಆದರೆ ಪ್ರತಿಯೊಬ್ಬರ ಪಕ್ಕದಲ್ಲೂ ಅವರದೇ ನೆರಳು, ಮೇಲಿಂದ ಹಿಟ್ಟು ಚೆಲ್ಲಿದಂತೆ ಚುಕ್ಕೆ. ಟೇಪು ಹಾಳಾಗಿದೆಯಾ? ಯಾವುದರಿಂದ ಶುರು ಮಾಡಲಿ? ಆಮೇಲೆ ಯೂಟ್ಯೂಬಿಗೆ ಹಾಕಬಹುದಾ?

ಉತ್ತರ: ಈ ಸಾಲುಗಳನ್ನು ಓದುತ್ತಿರುವಾಗಲೇ ವಿಸಿಆರ್‌ನ ಪ್ಲಗ್ ಕಿತ್ತಿಡಿ. ಇನ್ನೊಂದು ಟೇಪು ಹಾಕಿ ನೋಡುವ ಆಸೆ ಬಂದೇ ಬರುತ್ತದೆ, ನನ್ನ ಹಾಸನದ ಅಂಗಡಿಗೆ ಬರುವವರಲ್ಲಿ ಬಹುತೇಕರು ಆ ಆಸೆಗೆ ಸೋತೇ ಬರುತ್ತಾರೆ. ಟೇಪನ್ನು ಬೂಷ್ಟು ಹಾಳುಮಾಡುವುದು ನಿಧಾನಕ್ಕೆ. ‘ಒಂದು ಸಲ ನೋಡೋಣ’ ಎಂದು ಒತ್ತಿದ ಪ್ಲೇ ಬಟನ್ ಅದೇ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ.

ಕಾರಣ ಹೇಳುತ್ತೇನೆ. ವಿಎಚ್‌ಎಸ್ ಟೇಪು ಅರ್ಧ ಇಂಚು ಅಗಲದ ತೆಳು ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತೀಯ ಪುಡಿಯನ್ನು ಅಂಟಿನಂಥ ಪದರದಲ್ಲಿ ಬಳಿದಿರುತ್ತಾರೆ. ಬೂಷ್ಟು ಬೆಳೆಯುವುದು ಆ ಅಂಟಿನ ಮೇಲೆ, ಧೂಳಿನ ಮೇಲೆ, ರಟ್ಟಿನ ಕವರಿನ ಮೇಲೆ. ಗಾಳಿಯ ತೇವ ಶೇಕಡಾ 60–65 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಅದಕ್ಕೆ ಅನುಕೂಲ. ಮೂಡಿಗೆರೆಯ ಮಳೆಗಾಲದಲ್ಲಿ ಅಷ್ಟು ಕಡಿಮೆ ತೇವ ಇರುವ ದಿನ ಸಿಕ್ಕರೆ ಹಬ್ಬ ಮಾಡಬೇಕು. ಬೂಷ್ಟು ಸುತ್ತಿನಿಂದ ಸುತ್ತಿಗೆ ಬೇರುಬಿಟ್ಟಾಗ ಪಕ್ಕಪಕ್ಕದ ಪದರಗಳು ಅಂಟಿಕೊಳ್ಳುತ್ತವೆ. ಆಗ ಯಂತ್ರ ಎಳೆದರೆ ಟೇಪು ಹರಿಯುತ್ತದೆ, ಇಲ್ಲವೇ ಪುಡಿಯ ಪದರ ಕಿತ್ತು ಬರುತ್ತದೆ. ಕಿತ್ತು ಬಂದದ್ದೇ ಚಿತ್ರ, ಅದು ಮತ್ತೆ ಸಿಗುವುದಿಲ್ಲ. ವಿಸಿಆರ್ ಒಳಗೆ ಟೇಪನ್ನು ಓದುವ ಉರುಳೆ, ಅಂದರೆ ಹೆಡ್ ಡ್ರಮ್, ನಮ್ಮ ದೇಶದ ಟೀವಿಯ ಪಾಲ್ ಪದ್ಧತಿಯಲ್ಲಿ ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಅದಕ್ಕೆ ಮೆತ್ತಿದ ಬೂಷ್ಟು ಮುಂದೆ ಹಾಕುವ ಪ್ರತಿ ಟೇಪಿಗೂ ಹೋಗುತ್ತದೆ, ಕೊಳಕು ಪೊರಕೆಯಿಂದ ಮನೆಯೆಲ್ಲ ಗುಡಿಸಿದ ಹಾಗೆ.

ನೀವು ಹಾಕಿದ ಟೇಪಿನ ನೆರಳು ಮತ್ತು ಚುಕ್ಕೆಗಳ ಬಗ್ಗೆ ಸಮಾಧಾನದ ಮಾತು ಹೇಳಬಹುದು. ಅದು ಟೇಪಿನ ದೋಷ ಇರಲಿಕ್ಕಿಲ್ಲ. ಆಗಿನ ಆಂಟೆನಾ ಟೀವಿಗೆ ಸಿಗ್ನಲ್ ನೇರವಾಗಿಯೂ ಬರುತ್ತಿತ್ತು, ಎದುರಿನ ಗುಡ್ಡಕ್ಕೆ ಬಡಿದು ಒಂದಿಷ್ಟು ತಡವಾಗಿಯೂ ಬರುತ್ತಿತ್ತು. ತಡವಾಗಿ ಬಂದದ್ದೇ ಬಲಕ್ಕೆ ಸರಿದ ನೆರಳು. ಸಿಗ್ನಲ್ ಸಣ್ಣದಾದರೆ ಹಿಟ್ಟಿನಂಥ ಚುಕ್ಕೆ. ಮಲೆನಾಡಿನ ಟೇಪುಗಳಲ್ಲಿ ಇವೆರಡೂ ಸಾಮಾನ್ಯ, ಆ ಸಂಜೆ ಟೀವಿಯಲ್ಲಿ ಕಂಡದ್ದೇ ಹಾಗೆ. ಹೆಡ್ ಎಷ್ಟು ಒರೆಸಿದರೂ ಹೋಗುವುದಿಲ್ಲ. ಟೇಪಿನದೇ ದೋಷವಾದರೆ ಬೇರೆ ರೀತಿ ಕಾಣುತ್ತದೆ: ಪರದೆಗೆ ಅಡ್ಡವಾಗಿ ಬಿಳಿ ಗೀರು ಚಕ್ಕನೆ ಮಿಂಚಿ ಹೋಗುವುದು, ಚಿತ್ರದ ಮೇಲ್ಭಾಗ ಸೊಟ್ಟಗಾಗಿ ಓಡುವುದು, ಒಂದು ಪಟ್ಟಿ ಪೂರ್ತಿ ಕದಡಿ ಹೋಗುವುದು. (ಒಂದು ತಮಾಷೆ ನೋಡಿ. ದೆಹಲಿಯ ಕಾರ್ಯಕ್ರಮವನ್ನು ದೇಶಕ್ಕೆಲ್ಲ ಹಂಚುತ್ತಿದ್ದ ಇನ್ಸಾಟ್ ಉಪಗ್ರಹಗಳನ್ನು 1982ರಿಂದ ನಿಯಂತ್ರಿಸುತ್ತಿದ್ದದ್ದು ನಮ್ಮ ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಿಂದ. ಪಕ್ಕದ ಜಿಲ್ಲೆಯ ನೀವು ಮಾತ್ರ ಉದ್ದದ ಗಳ ತಿರುಗಿಸುತ್ತ ‘ಬಂತಾ, ಬಂತಾ’ ಎಂದು ಕೂಗಬೇಕಿತ್ತು.)

ಇನ್ನು ಸಲಹೆಗಾರರ ವಿಷಯ. ಚಿಕ್ಕಮ್ಮ ಹೇಳಿದ್ದರಲ್ಲಿ ಅರ್ಧ ನಿಜ: ಒಣಗಿಸಬೇಕು. ಆದರೆ ಕಾಫಿ ಕಣದ ಸಿಮೆಂಟು ಮಧ್ಯಾಹ್ನ ಎಷ್ಟು ಕಾಯುತ್ತದೆಂದು ನಿಮಗೆ ಗೊತ್ತು. ಆ ಕಾವಿಗೆ ಪ್ಲಾಸ್ಟಿಕ್ ಕವಚ ಸೊಟ್ಟಗಾಗುತ್ತದೆ, ಸುತ್ತು ಹಿಗ್ಗಿ ಕುಗ್ಗಿ ಅಂಚು ಮಡಿಸುತ್ತದೆ. ಫ್ರೀಜರ್‌ನಲ್ಲಿಟ್ಟರೆ ಬೂಷ್ಟು ಸಾಯುತ್ತದೆ ಎನ್ನುವವರಿದ್ದಾರೆ; ಸಾಯುವುದಿಲ್ಲ, ಮಲಗುತ್ತದೆ, ಹೊರಗೆ ತೆಗೆದ ಕೂಡಲೇ ಟೇಪಿನ ಮೇಲೆ ನೀರು ಕಟ್ಟುತ್ತದೆ. ನುಸಿಗುಳಿಗೆಯಿಂದ ಬರುವುದು ವಾಸನೆ ಮಾತ್ರ, ಕೆಲವು ಪ್ಲಾಸ್ಟಿಕ್‌ಗಳಿಗೆ ಅದು ಒಳ್ಳೆಯದೂ ಅಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಟೇಪಿಗೆ ಹಿಟ್ಟು ಮೆತ್ತುತ್ತದೆ, ಅಕ್ಕಿಗೆ ಬೂಷ್ಟು. ಇಂಟರ್‌ನೆಟ್ಟಿನಲ್ಲಿ ಓವನ್‌ನಲ್ಲಿ ಬೇಯಿಸುವ ವಿಧಾನ ಕಂಡರೆ ದಾಟಿಕೊಂಡು ಹೋಗಿ. ಅದು ಎಪ್ಪತ್ತು–ಎಂಬತ್ತರ ದಶಕದ ಕೆಲವು ಕಂಪನಿಗಳ ದೊಡ್ಡ ಸುರುಳಿ ಟೇಪುಗಳ ಅಂಟು ಕಾಯಿಲೆಗೆ, ಅದೂ ಪ್ರಯೋಗಾಲಯದಲ್ಲಿ ಸುಮಾರು 54 ಡಿಗ್ರಿ ಹಿಡಿದಿಟ್ಟು ಮಾಡುವ ಚಿಕಿತ್ಸೆ. ಬೂಷ್ಟಿಗೂ ಅದಕ್ಕೂ ಸಂಬಂಧವಿಲ್ಲ.

ನೀವು ಮಾಡಬೇಕಾದ್ದು ಸರಳ. ಬೂಷ್ಟು ಇರುವುದನ್ನೂ ಇಲ್ಲದ್ದನ್ನೂ ಬೇರೆ ಬೇರೆ ಮಾಡಿ. ಈ ಕೆಲಸ ಅಂಗಳದಲ್ಲಿ, ನೆರಳಿನಲ್ಲಿ, ಎನ್-95 ಮಾಸ್ಕು, ಗ್ಲೌಸು ಹಾಕಿಕೊಂಡು ಆಗಲಿ. ಅಪ್ಪಯ್ಯನ ಕೋಣೆಯಲ್ಲಿ ಖಂಡಿತ ಬೇಡ. ಬೂಷ್ಟಿನ ಪುಡಿ ವಯಸ್ಸಾದವರ ಎದೆಗೆ, ಅಸ್ತಮಾ ಇದ್ದವರಿಗೆ ಆಗಿಬರುವುದಿಲ್ಲ. ರಟ್ಟಿನ ಕವರುಗಳ ಫೋಟೋ ತೆಗೆದು, ಷರಾ ಇದ್ದ ಕಡೆ ಹತ್ತಿರದಿಂದ ಇನ್ನೊಂದು ತೆಗೆದು, ಬೂಷ್ಟು ಹಿಡಿದ ರಟ್ಟನ್ನು ಎಸೆಯಿರಿ. ಟೇಪುಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಪುಸ್ತಕ ಜೋಡಿಸುವಂತೆ ನೆಟ್ಟಗೆ ನಿಲ್ಲಿಸಿ, ಧಾರಾಳವಾಗಿ ಸಿಲಿಕಾ ಜೆಲ್ ಹಾಕಿ ಎರಡು ಮೂರು ವಾರ ಬಿಡಿ. ಬಣ್ಣ ಬದಲಾಯಿಸುವ ಜೆಲ್ ತಂದರೆ ಯಾವಾಗ ಮತ್ತೆ ಕಾಯಿಸಬೇಕೆಂದು ತಿಳಿಯುತ್ತದೆ. ಹಸಿ ಬೂಷ್ಟು ಒರೆಸಿದರೆ ಮೆತ್ತಿಕೊಳ್ಳುತ್ತದೆ. ಒಣಗಿದ್ದು ಪುಡಿಯಾಗಿ ಉದುರುತ್ತದೆ. ಮುಂದಿನ ಶುಚಿ ಕೆಲಸ, ಅಂದರೆ ಕವಚ ಬಿಚ್ಚಿ, ಟೇಪನ್ನು ಮೆತ್ತನೆ ಬಟ್ಟೆಯ ನಡುವೆ ನಿಧಾನವಾಗಿ ಸುತ್ತಿಸುವುದು, ಅದಕ್ಕೆಂದೇ ಇಟ್ಟ ಯಂತ್ರ ಇದ್ದವರ ಕೈಯಲ್ಲಿ ಆಗಲಿ. ಈಗ ಕಾಫಿ ಕೊಯ್ಲಿನ ಕಾಲ, ಹವೆ ಒಣಗಿದೆ. ಜೂನ್‌ಗೆ ಮುಂದೂಡಬೇಡಿ.

ಈಗ ಅಣ್ಣನ ಮಾತಿಗೆ ಬರೋಣ, ಪತ್ರದಲ್ಲಿ ನನಗೆ ಹೆಚ್ಚು ರುಚಿಸಿದ್ದು ಅದೇ. ‘ಎಲ್ಲ ಯೂಟ್ಯೂಬಲ್ಲಿದೆ.’ ಅವರು ಸರಿಯಾಗಿ ಹೇಳಿದ್ದು ಯಾವುದರ ಬಗ್ಗೆ ಎಂದರೆ, ನೀವು ಪತ್ರದಲ್ಲಿ ಮೊದಲು ಬರೆದ ಹೆಸರುಗಳ ಬಗ್ಗೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಆ ಧಾರಾವಾಹಿ ನನಗೂ ಅಚ್ಚುಮೆಚ್ಚು. ಅದರಲ್ಲಿ ಕತೆಗಿಂತ ಎಲ್. ವೈದ್ಯನಾಥನ್ ಸಂಗೀತವೇ ಅರ್ಧ ಕೆಲಸ ಮಾಡಿದೆ ಎಂಬುದು ನನ್ನ ಹಳೆಯ ವಾದ. ಆದರೂ ಗುಡ್ಡದ ನೆರಳು ಬಿದ್ದ ನಿಮ್ಮ ಪ್ರತಿಗೆ ದುಡ್ಡು ಹಾಕುವುದು ವ್ಯರ್ಥ, ಅದಕ್ಕಿಂತ ಚೆನ್ನಾಗಿರುವುದು ಬೆರಳ ತುದಿಯಲ್ಲಿದೆ. ಅನಂತನಾಗ್ ಅವರ 1990ರ ಆ ಹಾಸ್ಯ ಚಿತ್ರಕ್ಕೂ ಇದೇ ಮಾತು, ನೂರು ಸಲ ನೋಡಿದರೂ ನಗು ಬರುತ್ತದೆ ಅನ್ನುವುದು ಬೇರೆ. ಸಿನಿಮಾಗಳ ವಿಷಯದಲ್ಲಿ ಒಂದೇ ಎಚ್ಚರಿಕೆ: ಈಗ ಹರಿದಾಡುವ ಕೆಲವು ಪ್ರತಿಗಳನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿರುತ್ತಾರೆ, ಹಾಡು ಮೊಟಕಾಗಿರುತ್ತದೆ. ಹೋಲಿಸಿ ನೋಡಿ, ಆಮೇಲೆ ಬಿಡಿ.

ಎಲ್ಲೂ ಸಿಗದ್ದು ಆ ಟ್ರಂಕಿನಲ್ಲಿದೆ. ಹಿರಣ್ಣಯ್ಯನವರ ನಾಟಕ ನೋಡಿದವರಿಗೆ ಗೊತ್ತು, ಅವರು ಬರೆದದ್ದನ್ನು ಒಪ್ಪಿಸಿ ಹೋಗುವವರಲ್ಲ. ಅವತ್ತಿನ ಪೇಪರಿನ ಸುದ್ದಿ, ಆ ಊರಿನ ರಸ್ತೆ, ಮುಂದಿನ ಸಾಲಿನಲ್ಲಿ ಕೂತ ರಾಜಕಾರಣಿ, ಎಲ್ಲ ಸಂಭಾಷಣೆಯೊಳಗೆ ಬರುತ್ತಿತ್ತು. ‘ಲಂಚಾವತಾರ’ದ ಮಾರುಕಟ್ಟೆ ಕ್ಯಾಸೆಟ್ ಸಿಗಬಹುದು; ಆ ರಾತ್ರಿ ಚಿಕ್ಕಮಗಳೂರಿನಲ್ಲಿ ಅವರು ಯಾರನ್ನು ಚುಚ್ಚಿದರು ಎಂಬುದು ನಿಮ್ಮ ಅಪ್ಪಯ್ಯನ ಕ್ಯಾಸೆಟ್‌ನಲ್ಲಿ ಬಿಟ್ಟರೆ ಎಲ್ಲೂ ಇರಲಿಕ್ಕಿಲ್ಲ. 2019ರಲ್ಲಿ ಅವರು ಹೋದರು. ತಾಳಮದ್ದಳೆಯಂತೂ ಪೂರ್ತಿ ಆಶು ಮಾತು. ಪದ್ಯ ಅದೇ, ಪ್ರಸಂಗ ಅದೇ, ಆದರೆ ಎದುರಿನ ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಯಾರು ಎಂಬುದರ ಮೇಲೆ ವಾದದ ದಾರಿಯೇ ಬದಲಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಒಂದೇ ವಾಲಿಯನ್ನು ಎರಡು ಊರಲ್ಲಿ ಒಂದೇ ಥರ ಮಾತಾಡಿಸಿದವರಲ್ಲ. ಹಾಗಾಗಿ ನನ್ನ ಸರದಿ ಹೀಗೆ: ಮೊದಲು ಅಪ್ಪಯ್ಯ ಸ್ವತಃ ಹೋಗಿ ಹಿಡಿದ ನಾಟಕ, ತಾಳಮದ್ದಳೆ. ಆಮೇಲೆ ಮನೆ ಮಂದಿಯ ದನಿ ಇರುವುದು, ರೇಡಿಯೋದಿಂದ ಹಿಡಿದದ್ದು (ಭದ್ರಾವತಿ ಆಕಾಶವಾಣಿಯ ನಾಟಕ ಏನಾದರೂ ಇದ್ದರೆ ಮೇಲಕ್ಕೆ ಏರಿಸಿ). ಆಮೇಲೆ ಬೆಂಗಳೂರು ದೂರದರ್ಶನದ ಸ್ಟುಡಿಯೋ ಕಾರ್ಯಕ್ರಮಗಳು. ಸಿನಿಮಾ, ಜನಪ್ರಿಯ ಧಾರಾವಾಹಿ, ಕೊಂಡು ತಂದ ಭಾವಗೀತೆ ಕ್ಯಾಸೆಟ್ ಕಡೆಗೆ.

ದೂರದರ್ಶನದವರೇ ಇಟ್ಟುಕೊಂಡಿರುವುದಿಲ್ಲವೇ ಎಂದು ಕೇಳಬಹುದು. ಟೇಪು ದುಬಾರಿಯಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಹಿಡಿಯುವುದು ಟೀವಿ ಸಂಸ್ಥೆಗಳಲ್ಲಿ ಮಾಮೂಲಿ ವಿಷಯ. ಬಿಬಿಸಿಯಂಥ ಬಿಬಿಸಿ ಅರವತ್ತರ ದಶಕದ ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಹಾಗೆ ಕಳೆದುಕೊಂಡಿತು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಇಲ್ಲ. ಆದರೆ ಆ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಉಳಿಸಿದವರು ಮನೆಯ ಟೀವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಹುಚ್ಚು ಅಭಿಮಾನಿಗಳು. ನಿಮ್ಮ ಅಪ್ಪಯ್ಯ ಆ ಪಂಗಡದವರು.

ಇದೇ ಕಾರಣಕ್ಕೆ ‘ಅಳಿಸಬಹುದು’ ಎಂದು ಬರೆದ ಟೇಪುಗಳನ್ನು ನಾನು ತುಸು ಆಸೆಯಿಂದಲೇ ನೋಡುತ್ತೇನೆ. ಅವರಿಗೆ ಬೋರು ಹೊಡೆಸಿದ್ದು ಅನೇಕ ಸಲ ಉಳಿದವರಿಗೂ ಬೋರು ಹೊಡೆಸಿ, ಯಾರೂ ಇಟ್ಟುಕೊಳ್ಳದೆ ಹೋಗಿರುತ್ತದೆ. ಸಿನಿಮಾ ಮುಗಿದ ಮೇಲೆ ವಿಸಿಆರ್ ನಿಲ್ಲಿಸಲು ಮರೆತು ಹಿಡಿದ ವಾರ್ತೆ, ನಡುವಿನ ಸೋಪಿನ ಜಾಹೀರಾತು, ‘ಅಡಚಣೆಗಾಗಿ ಕ್ಷಮಿಸಿ’ ಫಲಕ, ಇವೂ ಹಾಗೆಯೇ. ಡಿಜಿಟಲ್ ಮಾಡುವವರಿಗೆ ‘ಆರಂಭದಿಂದ ಕೊನೆವರೆಗೆ, ಏನೂ ಕತ್ತರಿಸದೆ’ ಎಂದು ಬರೆದುಕೊಡಿ. ಜಾಹೀರಾತು ತೆಗೆದು ‘ಕ್ಲೀನ್’ ಮಾಡಿಕೊಡುವುದು ಅವರ ಪಾಲಿಗೆ ಉಪಕಾರ. ಷರಾಗಳೂ ಫೈಲಿನ ಹೆಸರಿನಲ್ಲಿರಲಿ. ಯಾವ ನಾಟಕ ಯಾವ ವರ್ಷ, ಯಾವ ಮೈದಾನ ಎಂದು ಅಪ್ಪಯ್ಯನಿಗೆ ಮಾತ್ರ ಗೊತ್ತು. ಫೋಟೋ ತೋರಿಸಿ ಕೇಳಿ, ಅವರು ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಅವನ ನಟನೆ ದಂಡ’ ಎಂದು ಶುರು ಮಾಡಿದರೆ ತಡೆಯಬೇಡಿ.

ತಾಂತ್ರಿಕ ಆಯ್ಕೆಗಳು ಮೂರು. ಆಡಿಯೋ ಕ್ಯಾಸೆಟ್ ನೀವೇ ಮಾಡಬಹುದು, ಬೂಷ್ಟಿಲ್ಲದವನ್ನು. ಒಳ್ಳೆಯ ಡೆಕ್ ಒಂದನ್ನು ಸರ್ವಿಸ್ ಮಾಡಿಸಿ, ಲೈನ್ ಔಟ್‌ನಿಂದ ಕಂಪ್ಯೂಟರಿಗೆ ಕೊಟ್ಟು, 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಫೈಲಾಗಿ ಉಳಿಸಿ. ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. ಎಂಪಿ3 ಹಂಚಲಿಕ್ಕೆ ಮಾತ್ರ. ದನಿ ಮಂಕಾಗಿದ್ದರೆ ಟೇಪು ಸವೆದಿದೆ ಎಂದು ತೀರ್ಮಾನಿಸಬೇಡಿ, ಹೆಡ್‌ನ ಓರೆಕೋನ ಆ ಟೇಪಿಗೆ ಹೊಂದದೆ ಇದ್ದರೂ ಹಾಗಾಗುತ್ತದೆ. ಹೆಡ್ ಪಕ್ಕದ ಸಣ್ಣ ಸ್ಕ್ರೂ ಒಂದಿಷ್ಟು ತಿರುಗಿಸಿದರೆ ಸ ಕಾರ, ಷ ಕಾರ ಎದ್ದು ಬರುತ್ತವೆ. ಕ್ಯಾಸೆಟ್ ಒಳಗಿನ ಪುಟ್ಟ ಸ್ಪಂಜು ಉದುರಿದ್ದರೆ ಟೇಪನ್ನು ಬೇರೆ ಸ್ಕ್ರೂ ಕವಚಕ್ಕೆ ವರ್ಗಾಯಿಸಬಹುದು. ಸಿ-120 ಎಂದಿದ್ದವನ್ನು ಮಾತ್ರ ಮುಟ್ಟಬೇಡಿ, ಆ ಟೇಪು ತೀರ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ಮತ್ತೆ, ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಾಕುವ ಮೊದಲು ಮೂಲ ಫೈಲನ್ನು ಬೇರೆ ಎತ್ತಿಡಿ. ಅತಿಯಾದರೆ ಮಾತು ನೀರೊಳಗಿಂದ ಕೇಳಿದಂತಾಗುತ್ತದೆ, ಜನ ನಕ್ಕದ್ದೂ ಅಳಿಸಿ ಹೋಗುತ್ತದೆ. ನಗೆ ನಾಟಕದಲ್ಲಿ ಜನ ನಗದಿದ್ದರೆ ಏನು ಉಳಿಯಿತು?

ವಿಡಿಯೋಗೆ ಪೇಟೆಯ ಸ್ಟುಡಿಯೋ ಎರಡನೇ ಆಯ್ಕೆ. ಡಿವಿಡಿ ಬೇಡ ಎನ್ನಿ. 4.7 ಜಿಬಿಗೆ ಮೂರು ಗಂಟೆಯ ಟೇಪನ್ನು ಹಿಂಡಿ ತುರುಕಿದರೆ ಚುಕ್ಕೆ ಇರುವ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮನೆಯಲ್ಲಿ ಬರೆದ ಡಿಸ್ಕಿಗೂ ನಮ್ಮ ಹವೆಯಲ್ಲಿ ಆಯುಷ್ಯ ಕಡಿಮೆ. ಹಾರ್ಡ್‌ಡಿಸ್ಕ್ ಕೊಟ್ಟು ಫೈಲು ಕೇಳಿ. ಕೇಳಬೇಕಾದ ಪ್ರಶ್ನೆ: ಟೈಮ್ ಬೇಸ್ ಕರೆಕ್ಟರ್ ಇದೆಯಾ (ಓಲಾಡುವ ಚಿತ್ರವನ್ನು ನಿಲ್ಲಿಸುವ ಉಪಕರಣ), 720 × 576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್ ಆಗಿಯೇ (ಗೆರೆ ಬಿಟ್ಟು ಗೆರೆ ಎರಡು ಕಂತಿನಲ್ಲಿ, ಟೇಪಿನಲ್ಲಿದ್ದ ಹಾಗೆಯೇ) ಕೊಡುತ್ತೀರಾ, ಬೂಷ್ಟು ಹಿಡಿದ ಟೇಪಿಗೆ ಬೇರೆ ಯಂತ್ರ ಇದೆಯಾ? ಕೊನೆಯ ಪ್ರಶ್ನೆಗೆ ‘ನಮ್ಮ ಮಷಿನ್ ಎಲ್ಲ ತಗೊಳ್ಳುತ್ತೆ’ ಎಂದರೆ ನಮಸ್ಕಾರ ಹೇಳಿ ಹೊರಡಿ. ಡಿವಿ ಎಂಬ ನಮೂನೆಯ ಫೈಲಾದರೆ ಗಂಟೆಗೆ 13 ಜಿಬಿ, ಏನೂ ಕಳೆಯದ ಎಫ್‌ಎಫ್‌ವಿ1 ನಮೂನೆಯಾದರೆ ಅದಕ್ಕಿಂತ ಹೆಚ್ಚು. ದೊಡ್ಡದು ಅನಿಸಬಹುದು, ಇವತ್ತಿನ ಡಿಸ್ಕಿಗೆ ಲೆಕ್ಕವಲ್ಲ. ಮೂರನೆಯದು, ಬೂಷ್ಟು ಹಿಡಿದ ಅಮೂಲ್ಯವಾದ ಕೆಲವನ್ನು ಬೆಂಗಳೂರಿನಂಥ ಕಡೆ ಅದನ್ನೇ ಕಸುಬಾಗಿ ಮಾಡುವವರಿಗೆ ಕೊಡುವುದು. ಖರ್ಚಾಗುತ್ತದೆ, ಎಲ್ಲಕ್ಕೂ ಬೇಡ. ಮೊದಲು ಒಂದೇ ಟೇಪು ಕೊಟ್ಟು ಕೆಲಸ ನೋಡಿ.

ಎಐ ವಿಷಯದಲ್ಲಿ ಅಣ್ಣನ ಮಗನಿಗೆ ಬೇಸರವಾಗಬಹುದು. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವ ವಿವರ ಸುಮಾರು 240 ಗೆರೆಯಷ್ಟೇ. ಫೋರ್‌ಕೆಗೆ ಬೇಕಾದ ಮಿಕ್ಕದ್ದನ್ನು ಆ ಸಾಫ್ಟ್‌ವೇರ್ ಊಹಿಸಿ ಬರೆಯುತ್ತದೆ. ನೆರಳು ಬಿದ್ದ ಮುಖ ಸಿಕ್ಕರೆ ಬೇರೆ ಯಾರದೋ ಮೂಗು ಕೂರಿಸುತ್ತದೆ. ಅವನು ಪ್ರತಿ ಮಾಡಿಕೊಂಡು ಆಟವಾಡಲಿ, ಮೂಲ ಫೈಲು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿ ಇರಲಿ.

ಯೂಟ್ಯೂಬ್: ಮನೆ ಬಳಕೆಗೆ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಖಾಸಗಿ ಬಳಕೆಯ ವಿನಾಯಿತಿ ಇದೆ. ಲೋಕಕ್ಕೆ ಹಾಕುವುದು ಬೇರೆ ಮಾತು. ಪ್ರಸಾರ ಸಂಸ್ಥೆಯ ಹಕ್ಕು 25 ವರ್ಷಕ್ಕೆ ಮುಗಿಯುತ್ತದೆ, ಅದನ್ನು ಹಿಡಿದುಕೊಂಡು ‘ಹಳೇದೆಲ್ಲ ಫ್ರೀ’ ಎನ್ನುವವರಿದ್ದಾರೆ. ಆದರೆ ಸಿನಿಮಾ, ಧ್ವನಿಮುದ್ರಣಗಳ ಹಕ್ಕು ಪ್ರಕಟವಾಗಿ 60 ವರ್ಷ, ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ, ನಾಟಕ ಬರೆದವರ ಹಕ್ಕು ಅವರ ನಂತರವೂ 60 ವರ್ಷ ಇರುತ್ತದೆ. ಸಿನಿಮಾ ಹಾಡು ಹಾಕಿದರೆ ಆಡಿಯೋ ಕಂಪನಿಯ ಹಕ್ಕುಸಾಧನೆ ತಾನಾಗಿ ಬಂದು ವಿಡಿಯೋ ಮೂಕವಾಗುತ್ತದೆ, ಇಲ್ಲವೇ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ. ಪದೇ ಪದೇ ದೂರು ಬಂದರೆ ಚಾನೆಲ್ಲೇ ಹೋಗಬಹುದು. ನಾಟಕ, ತಾಳಮದ್ದಳೆಯ ಧ್ವನಿಗೆ ಆ ಕಲಾವಿದರ ಕುಟುಂಬವನ್ನು ಕೇಳಿ ಹಾಕಿ. ಕೇಳಿದರೆ ಬೇಡವೆನ್ನುವವರು ಕಡಿಮೆ, ಎಷ್ಟೋ ಕಡೆ ಅವರ ಹತ್ತಿರವೇ ಪ್ರತಿ ಇರುವುದಿಲ್ಲ.

ಕೊನೆಗೆ ವಿಸಿಆರ್. ಗುಜರಿಗೆ ಕೊಡಬೇಡಿ. ಜಗತ್ತಿನಲ್ಲಿ ಕಡೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯದೇ. ಒಂದು ಯಂತ್ರದಲ್ಲಿ ರೆಕಾರ್ಡ್ ಆದ ಟೇಪು, ಅದರಲ್ಲೂ ದುಡ್ಡು ಉಳಿಸಲು ಮೂರು ಗಂಟೆಯ ಟೇಪಿನಲ್ಲಿ ಆರು ಗಂಟೆ ಹಿಡಿದದ್ದು, ಅದೇ ಯಂತ್ರದಲ್ಲಿ ಸ್ಥಿರವಾಗಿ ಬರುವುದುಂಟು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದ ಬೆಲ್ಟು ಸಡಿಲ, ರಬ್ಬರ್ ಉರುಳೆ ಗಟ್ಟಿ, ಗ್ರೀಸು ಒಣಗಿರುತ್ತದೆ. ಹಾಗಾಗಿ ಮೊದಲು ಹಳೇ ಕೈಗಳ ಹತ್ತಿರ ಸರ್ವಿಸ್ ಮಾಡಿಸಿ, ಬೇಡದ ಟೇಪೊಂದನ್ನು ಹಾಕಿ ಪರೀಕ್ಷಿಸಿ, ಆಮೇಲೆ ಟೇಪುಗಳ ಜೊತೆ ಅದನ್ನೂ ಸ್ಟುಡಿಯೋಗೆ ಒಯ್ಯಿರಿ.